ಮೂರನೇ ಸಾಲು

ಫೆಬ್ರವರಿ 24, ಸೋಮವಾರ

ಇವತ್ತು ಬೆಳಿಗ್ಗೆ ನಾನೇ ವಾಲ್ವ್ ತಿರುಗಿಸಿ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸಿನ ಗಿಡಗಳಿಗೆ ನೀರು ನಿಲ್ಲಿಸಿದೆ. ಹೆಬ್ಬಗೋಡಿಯ ಕಾರ್ಖಾನೆಗಳ ಮಧ್ಯೆ ಚಹಾ ಗಿಡ ಬೆಳೆಸುತ್ತೇನೆ ಎಂದರೆ ಜನ ನಗುತ್ತಾರೆ. ಎರಡು ವರ್ಷ ಸಾಕಿ ಈಗ ಬಾಯಾರಿಸುತ್ತೇನೆ ಎಂದರೆ ನಿಮ್ಹಾನ್ಸಿಗೆ ಹೋಗುವ ಬಸ್ಸು ಯಾವುದು ಅಂತ ತೋರಿಸಿಯಾರು. ನಗಲಿ. ಬೆಟ್ಟದ ತೋಟಗಳಲ್ಲಿ ಈಗ ಮಳೆ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ. ನೀರಿಲ್ಲದೆ ಯಾವ ತಳಿ ಎಷ್ಟು ತಡೆಯುತ್ತದೆ ಎಂದು ಯಾರಾದರೂ ನೋಡಲೇಬೇಕು. ನಮ್ಮ ಸಂಸ್ಥೆಯಲ್ಲಿ ನೋಡುತ್ತಿರುವವಳು ನಾನು. ಈ ಟ್ರಯಲ್ ನನ್ನದು.

ಜಲ್ಲಿ ಹಾಸಿದ ನೆಲದ ಮೇಲೆ ಐದು ಸಾಲು ಕುಂಡ, ಸಾಲಿಗೊಂದು ತಳಿ. ಮೂರನೆಯದು ನಮ್ಮದೇ ಹೊಸ ತಳಿ, ಇನ್ನೂ ಹೆಸರಿಟ್ಟಿಲ್ಲ. ತಳಿಗಳನ್ನು ಬೆರೆಸಿ ಇಡೋಣ, ಒಂದು ಜಾಗದ ಗುಣ ಒಂದೇ ತಳಿಗೆ ಸಿಗಬಾರದು ಎಂದು ಬಡಕೊಂಡೆ. ಸಿದ್ಧಾರ್ಥ್ ಸರ್ ಕೇಳಲಿಲ್ಲ. "ನೋಡೋಕೆ ಬರೋರಿಗೆ ಒಂದೇ ನೋಟಕ್ಕೆ ಗೊತ್ತಾಗ್ಬೇಕು ಯಮುನಾ. ಫೋಟೋನೂ ಚೆನ್ನಾಗಿ ಬರ್ಬೇಕು" ಎಂದರು. ಬಾಸ್ ಅಂದಮೇಲೆ ಮುಗಿಯಿತು.

ಒಂದು ಗೋಡೆಗೆ ಸದಾ ನೀರು ಇಳಿಯುವ ಪ್ಯಾಡ್, ಎದುರು ಗೋಡೆಗೆ ದೊಡ್ಡ ಫ್ಯಾನ್. ಒಳಗೆ ನಿಂತರೆ ಕೂಲರ್ ಮುಂದೆ ನಿಂತಂತೆ ಇರುತ್ತದೆ. ಕಸ ಗುಡಿಸಲು ಸಿಂದಗಿ ಕಡೆಯ ಮಲಕವ್ವ ಬರುತ್ತಾಳೆ. ಮೊದಲು ಗುಡಿಸುವಾಗೆಲ್ಲ ಕುಂಡಗಳನ್ನು ಎತ್ತಿ ಎತ್ತಿ ಇಡುತ್ತಿದ್ದಳು. ನರ್ಸರಿಯವರಿಗೆಲ್ಲ ಅದೊಂದು ಅಭ್ಯಾಸ. ಜಾಗ ಬದಲಾದರೆ ಬೆಳಕು ಬದಲಾಗಿ ನನ್ನ ಅಳತೆ ಕೆಡುತ್ತದೆ ಎಂದು ನವೆಂಬರಿನಲ್ಲೇ ಅದನ್ನು ನಿಲ್ಲಿಸಿದ್ದೇನೆ.

"ಇವು ಏನ್ ಪಾಪ ಮಾಡ್ಯಾವ್ರಿ ಅಕ್ಕಾರ, ನೀರ ಬಂದ್ ಮಾಡೀರಲ್ಲ?" ಎಂದಳು ಇವತ್ತು.

"ಪಾಪ ಅಲ್ಲ, ಪರೀಕ್ಷೆ."

"ಪರೀಕ್ಷಾ ಮನಷ್ಯಾರಿಗೆ ಸಾಲ್ದೇನ್ರಿ?"

ಇವಳ ಬಾಯಿಗೂ ಒಂದು ವಾಲ್ವ್ ಇರಬೇಕಿತ್ತು.

ಮಾರ್ಚ್ 3, ಸೋಮವಾರ

ಎಲೆಗಳಿಗೆ ಜ್ವರ ಬಂದಿದೆ. ನೀರು ಸಿಗದಿದ್ದಾಗ ಚಹಾ ಗಿಡ ಮೊದಲು ಎಲೆಯ ಅಡಿಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಒಳಗಿನ ನೀರು ಉಳಿಯುತ್ತದೆ, ಆದರೆ ಬೆವರುವುದು ನಿಂತದ್ದರಿಂದ ಎಲೆಯ ಮೈ ಕಾಯುತ್ತದೆ. ಕೋವಿಡ್ ಕಾಲದಲ್ಲಿ ಗೇಟಿನಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅಂಥದೇ ಒಂದು ಗನ್ ಹಿಡಿದು ನಾನು ಎಲೆ ಎಲೆಗೂ ನೋಡುತ್ತಾ ಹೋಗುತ್ತೇನೆ. ಒಂದು, ಎರಡು, ನಾಲ್ಕು, ಐದನೇ ಸಾಲು ಬಿಸಿ. ಅವುಗಳಲ್ಲಿ ಚಿಗುರು ಬರುವುದೂ ನಿಂತಿದೆ. ಎಲೆ ಕಿತ್ತು ಅಗಿದರೆ ನಾಲಿಗೆ ಸೇದಿಕೊಳ್ಳುವಷ್ಟು ಒಗರು.

ಮೂರನೇ ಸಾಲು ಮಾತ್ರ ತಣ್ಣಗಿದೆ.

ಸಿದ್ಧಾರ್ಥ್ ಸರ್ ಕುಣಿದಾಡುವುದೊಂದು ಬಾಕಿ. "ಜಾಕ್‌ಪಾಟ್ ಕಣ್ರೀ ಯಮುನಾ! ಹೆಂಗ್ ನಿಂತಿದೆ ನೋಡಿ!" ಏಪ್ರಿಲ್ ಮೂರಕ್ಕೆ ತೋಟದ ಕಂಪನಿಯವರು ನೋಡಲು ಬರುತ್ತಾರೆ. ಅವರು ಈ ತಳಿ ಒಪ್ಪಿದರೆ ನಮ್ಮ ಪಾಲಿಹೌಸ್ ಉಳಿಯುತ್ತದೆ. ಇಲ್ಲದಿದ್ದರೆ ಮುಚ್ಚುತ್ತಾರೆ ಎಂಬ ಗುಸುಗುಸು ದೀಪಾವಳಿಯಿಂದಲೂ ಇದೆ.

"ಇಷ್ಟು ಬೇಗ ಖುಷಿಪಡಬೇಡಿ ಸರ್" ಎಂದೆ.

"ನಿಮ್ಗೆ ಖುಷಿಪಡೋಕೇ ಬರಲ್ಲ" ಎಂದರು.

ಮನೆಗೆ ಬಂದು ಅತ್ತೆಗೆ ಹೇಳಿದರೆ ಅವರು ಸೊಪ್ಪು ಬಿಡಿಸುತ್ತಲೇ "ಆವಪ್ಪ ನಿಜಾನೇ ಯೋಳವ್ನೆ ಬುಡು" ಎಂದರು. ಈಶ್ವರಮ್ಮನವರ ಸೊಸೆಯಾಗಿ ಹನ್ನೊಂದು ವರ್ಷವಾಯಿತು, ಒಂದು ದಿನ ನನ್ನ ಪಕ್ಷ ವಹಿಸಿದ್ದಿಲ್ಲ.

ಮಾರ್ಚ್ 7, ಶುಕ್ರವಾರ

ಇದು ಸರಿಯಿಲ್ಲ. ಒಂದೆರಡು ಗಿಡ ಗಟ್ಟಿ ಇರಬಹುದು, ಇಡೀ ಸಾಲಿಗೆ ಸಾಲೇ ಏನೂ ಆಗದವರ ಹಾಗೆ ನಿಲ್ಲುವುದು ಅಂದರೇನು? ಕುಂಡದೊಳಗೆ ಬೆರಳು ತೂರಿಸಿ ನೋಡಿದೆ, ಮಣ್ಣು ಪುಡಿಪುಡಿ. ಆದರೂ ಏನು, ಬೆಳಿಗ್ಗೆ ಹಾಕಿದ ನೀರು ಈ ಬಿಸಿಲಿಗೆ ಸಂಜೆಯೊಳಗೆ ಮೇಲಿಂದ ಒಣಗುತ್ತದೆ. ಆಳಕ್ಕೆ ಕೆದಕಿದರೆ ಬೇರಿಗೆ ಪೆಟ್ಟು, ಹಾಗಾಗಿ ಕೆದಕುವಂತಿಲ್ಲ. ಯಾರೋ ನೀರು ಹಾಕುತ್ತಿದ್ದಾರೆ.

ಬೀಗದ ಕೈ ಇರುವುದು ಎರಡು. ಒಂದು ನನ್ನ ಹತ್ತಿರ, ಇನ್ನೊಂದು ಕೂಲಿಯವರ ಸೂಪರ್‌ವೈಸರ್ ಮುನಿಯಣ್ಣನ ಹತ್ತಿರ. ಅವನಿಂದ ಇಸಕೊಂಡು ಬರುವವಳು ಮಲಕವ್ವ ಒಬ್ಬಳೇ.

ಇವತ್ತು ಒಂದನೇ ಸಾಲಿನಲ್ಲಿ ಬಿಳಿ ಹೂ ಅರಳಿತ್ತು. "ಅಕ್ಕಾರ, ಹೂ ಬಿಟ್ಟಾವ ನೋಡ್ರಿ! ನೀರ ಇಲ್ದಿದ್ರೂ ಖುಷಿಲೇ ಅದಾವ" ಎಂದು ಓಡಿಬಂದು ಕರೆದಳು.

"ಖುಷಿಗಲ್ಲ. ಕಷ್ಟ ಜಾಸ್ತಿ ಆದಾಗ ಚಹಾ ಗಿಡ ಹೂ ಬಿಡೋದು. ಸಾಯೋ ಮುಂಚೆ ಬೀಜ ಬಿಟ್ಟು ಹೋಗ್ಬೇಕಲ್ಲ" ಎಂದೆ.

ಅವಳ ಮುಖ ಸಣ್ಣದಾಯಿತು. ಪೊರಕೆ ಹಿಡಿದು ಆ ಗಿಡದ ಮುಂದೆ ಸುಮಾರು ಹೊತ್ತು ನಿಂತಿದ್ದಳು. ಕನಿಕರ ಇರುವವರೇ ಕದ್ದು ನೀರು ಹಾಕುವುದು. ಇನ್ನು ಇವಳ ಮೇಲೆ ಒಂದು ಕಣ್ಣಿಡಬೇಕು.

ಮಾರ್ಚ್ 11, ಮಂಗಳವಾರ

ಸಿಕ್ಕಿಬಿದ್ದಳು!

ಊಟದ ಹೊತ್ತು ಮುಗಿದ ಮೇಲೆ ಫ್ಯಾನಿನ ಪಕ್ಕದ ಮರೆಯಲ್ಲಿ ನಿಂತಿದ್ದೆ. ಮಲಕವ್ವ ಕಂಕುಳಲ್ಲಿ ಪೊರಕೆ, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಒಳಗೆ ಬಂದಳು. ಬಾಗಿಲ ಪಕ್ಕದಲ್ಲೇ ಇರುವುದು ಮೂರನೇ ಸಾಲಿನ ಮೊದಲನೇ ಕುಂಡ. ಬಗ್ಗಿ ಬಾಟಲಿಯ ತಳದ ನೀರನ್ನು ಅದರ ಬುಡಕ್ಕೆ ಸುರಿದಳು. ಮೊದಲು ಫೋಟೋ ತೆಗೆದೆ, ಆಮೇಲೆ ಕೂಗಿದೆ.

ಬಾಟಲಿ ಅವಳ ಕೈಯಿಂದ ಬಿತ್ತು. "ಉಂಡ ಮ್ಯಾಲ ಉಳದ ನೀರ್ರಿ ಅಕ್ಕಾರ. ಕುಡಿಯೂ ನೀರ ನೆಲಕ್ಕ ಚೆಲ್ಲಬಾರದಲ್ರಿ. ನಮ್ಮ ಕಡಿ ತಳದಾಗಿನ ಗುಟುಕು ಸುದ್ದಾ ಯಾವುದರ ಗಿಡಕ್ಕ ಹಾಕೇ ಏಳೂದು."

"ಎಷ್ಟು ದಿನದಿಂದ ಹಾಕ್ತಿದ್ದೀಯ?"

"ದಿನಾ ಹಾಕ್ತೀನ್ರಿ. ಬಾಗಲದಾಗಿನ ಇದೊಂದಕ್ಕ ಅಷ್ಟ."

"ಮಿಕ್ಕ ಗಿಡಗಳಿಗೆ?"

"ಇಲ್ರಿ. ಆಣಿ ಮಾಡಿ ಹೇಳ್ತೀನಿ."

ಆಣೆಯಂತೆ! ಒಂದಕ್ಕೆ ಹಾಕುವವಳು ಸಾಲಿಗೆಲ್ಲ ಹಾಕುವುದಿಲ್ಲ ಎಂದು ಹೇಗೆ ನಂಬುವುದು? ದಿನಾ ಹಾಕುತ್ತೇನೆ ಎಂದು ಅವಳ ಬಾಯಲ್ಲೇ ಬಂತಲ್ಲ. ಫೋಟೋವನ್ನು ಸಿದ್ಧಾರ್ಥ್ ಸರ್‌ಗೂ ಮುನಿಯಣ್ಣನಿಗೂ ಕಳಿಸಿದೆ. ಕೆಳಗೆ "ಪ್ರಯೋಗದ ಗಿಡಕ್ಕೆ ಕದ್ದು ನೀರು ಹಾಕುತ್ತಿದ್ದವಳು" ಎಂದು ಬರೆದೆ.

ಮಾರ್ಚ್ 12, ಬುಧವಾರ

ಮುನಿಯಣ್ಣ ಅವಳನ್ನು ಕೆಲಸದಿಂದ ಬಿಡಿಸಿ ಕಳಿಸಿದ. "ಇಂಗೇ ಬುಟ್ರೆ ನಾಳೆ ಇನ್ನೊಬ್ಳು ಗಿಡಕ್ಕೆ ಮೊಸರನ್ನ ಕಲ್ಸಾಕ್ತಾಳೆ ಮೇಡಂ" ಎಂದ. ನಕ್ಕೆ. ಇನ್ನು ಮೂರನೇ ಸಾಲಿಗೂ ಜ್ವರ ಬರುತ್ತದೆ.

ಮಾರ್ಚ್ 17, ಸೋಮವಾರ

ಜ್ವರ ಬಂದಿಲ್ಲ.

ಎರಡೂ ಬೀಗದ ಕೈ ನನ್ನ ಚೀಲದಲ್ಲಿವೆ. ಕಸ ನಾನೇ ಗುಡಿಸುತ್ತಿದ್ದೇನೆ. ಒಂದು ನರಪಿಳ್ಳೆಯೂ ಒಳಗೆ ಕಾಲಿಟ್ಟಿಲ್ಲ. ಎರಡನೇ ಸಾಲು ಹಳೇ ಎಲೆಗಳನ್ನು ಉದುರಿಸಲು ಶುರು ಮಾಡಿದೆ. ಎಳೆಯವನ್ನು ಉಳಿಸಿಕೊಳ್ಳಲು ಗಿಡ ಹಾಗೆ ಮಾಡುತ್ತದೆ. ಐದನೇ ಸಾಲಿನಲ್ಲಿ ಎಲೆ ಅಂಚು ಸುಟ್ಟಂತಾಗಿದೆ. ಮೂರನೇ ಸಾಲು ಮಾತ್ರ ಮದುವೆಮನೆಗೆ ಹೊರಟವರ ಹಾಗೆ ಹಸಿರಾಗಿ ನಿಂತಿದೆ.

ಸಿದ್ಧಾರ್ಥ್ ಸರ್ ಖುಷಿಗೆ ಮೇಜು ಕುಟ್ಟಿದರು. "ಆ ಹೆಂಗಸು ಹೋದ್ಮೇಲೂ ನಿಂತಿದೆ ಅಂದ್ರೆ ಪ್ರೂಫ್ ಆಯ್ತಲ್ರೀ! ಒಂದು ಸ್ಲೈಡಲ್ಲಿ ಅದನ್ನೂ ಹಾಕೋಣ. ಒಬ್ರು ನೀರು ಹಾಕ್ತಿದ್ರು, ಹಿಡಿದು ಕಳಿಸಿದ್ವಿ, ಆದ್ರೂ ಗಿಡ ಅಲುಗಾಡ್ಲಿಲ್ಲ ಅಂತ."

ಹಾಗಾದರೆ ಗಿಡ ನಿಂತಿದ್ದು ಅವಳ ನೀರಿನಿಂದಲ್ಲ. ಹಾಗಾದರೆ ಅವಳು ಆಣೆ ಮಾಡಿದ್ದು ನಿಜ. ಆದರೆ ಒಂದು ಗುಟುಕಾದರೂ ಹಾಕಿದ್ದಾಳಲ್ಲ? ಹಾಕಬಾರದು ಎಂದ ಮೇಲೆ ಹಾಕಬಾರದು. ನಿಯಮ ಮುರಿದವಳು ಅವಳು, ನಾನಲ್ಲ.

ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ ಬಾಲಾಜಿ, ಸಾರಿಗೆ ಉಪ್ಪು ಹಾಕಿಲ್ಲವಾ ಎಂದರು. ಹಾಕಿಕೊಂಡು ತಿನ್ನಿ, ಕೈಯಿಲ್ವಾ ಎಂದು ರೇಗಿದೆ. ಪಾಪ, ಶಿಫ್ಟ್ ಮುಗಿಸಿ ಬಂದಿದ್ದರು.

ಮಾರ್ಚ್ 19, ಬುಧವಾರ

ಸಂಜೆ ಬಸ್ ಸ್ಟಾಪಿನ ಹತ್ತಿರ ತರಕಾರಿ ಗಾಡಿಯ ಮುಂದೆ ಮಲಕವ್ವ ಕಂಡಳು. ಮುಖ ತಪ್ಪಿಸಿ ಆಚೆ ಬದಿಗೆ ಹೋಗೋಣ ಎಂದುಕೊಂಡೆ. ಅವಳೇ ಬಂದು ಎದುರು ನಿಂತಳು. ಕೂಗಾಡುತ್ತಾಳೆ ಎಂದು ಕಾದೆ, ಕೂಗಾಡಲಿಲ್ಲ.

"ಅಕ್ಕಾರ, ಒಂದ ಮಾತ. ಆ ಫೋಟೋ ತಗಸ್ರಿ."

"ಯಾವ ಫೋಟೋ?"

"ನೀವ ತಗದದ್ದು."

ಗೇಟು ಕಾಯುವವರು, ಕಸ ಗುಡಿಸುವವರು, ತೋಟದ ಕೆಲಸದವರು, ಇವರ ಸೂಪರ್‌ವೈಸರ್‌ಗಳದ್ದೆಲ್ಲ ಒಂದು ವಾಟ್ಸಪ್ ಗ್ರೂಪ್ ಇದೆಯಂತೆ. ಎಲೆಕ್ಟ್ರಾನಿಕ್ ಸಿಟಿಯಿಂದ ಅತ್ತಿಬೆಲೆಯವರೆಗೆ ಎಲ್ಲರೂ ಅದರಲ್ಲಿದ್ದಾರೆ. ನಾನು ತೆಗೆದ ಫೋಟೋ ಅಲ್ಲಿಗೆ ಹೋಗಿದೆ. ಕೆಳಗಿನ ನನ್ನ ಮಾತು ಎಲ್ಲೋ ಉದುರಿಹೋಗಿ ಬರೀ "ಕಳ್ಳಿ, ಸೇರಿಸಬೇಡಿ" ಎಂದು ಉಳಿದಿದೆ. ಎಲ್ಲಿ ಕೆಲಸ ಕೇಳಲು ಹೋದರೂ ಗೇಟಿನವನು ಫೋನ್ ನೋಡುತ್ತಾನೆ, ಇವಳ ಮುಖ ನೋಡುತ್ತಾನೆ.

"ಒಂದ್ ಅಪಾರ್ಟಮೆಂಟಿನ್ಯಾಗ ಕಸಬರಿಗಿ ಕೈಯಾಗ ಕೊಟ್ಟು ಮತ್ತ ಕಸಗೊಂಡ್ರು ನೋಡ್ರಿ. ಎಲ್ಲಾರ ಮುಂದ. ನಮ್ಮನ್ಯಾರು ಸೆಂಟ್ರಿಂಗ್ ಕೆಲಸದಾಗ ಬಿದ್ದು ಕಾಲಿಗೆ ರಾಡ್ ಹಾಕ್ಯಾರ, ದಸರಾದಿಂದ ಮನ್ಯಾಗ ಕುಂತಾರ. ನನ್ನ ಕೈ ಮ್ಯಾಲ ಮನಿ ನಡಿಯೂದು." ಆಮೇಲೆ ಕೇಳಿದಳು, "ನಾ ಏನ್ ಕದ್ದೀನ್ರಿ? ನೀವ ಹೇಳ್ರಿ. ಏನ್ ಕದ್ದೀನಿ?"

"ನಾನು ಆ ಗ್ರೂಪಿನಲ್ಲಿಲ್ಲ" ಎಂದೆ. ನಿಜವೇ. ಅವಳು ಟೊಮೆಟೊ ಆರಿಸಲು ಗಾಡಿಯ ಕಡೆ ತಿರುಗಿದಳು. ನಾನು ಏನೂ ಕೊಳ್ಳದೆ ಮನೆಗೆ ಬಂದೆ.

ಮಾರ್ಚ್ 20, ಗುರುವಾರ

ಮುನಿಯಣ್ಣನಿಗೆ ಫೋನ್ ಮಾಡಿದೆ. "ಫಾರ್ವರ್ಡ್ ಆಗೋಯ್ತಲ್ಲ ಮೇಡಂ, ಈಗೆಲ್ಲಿಂದ ಇಡ್ಕಂಬರ್ಲಿ? ಅವಳ್ದು ತಪ್ಪಿಲ್ಲ ಅಂತ ನೀವ್ ಯೋಳಿ, ನನ್ ಕೈಲಾದ್ದು ಮಾಡ್ತೀನಿ" ಎಂದ. ತಪ್ಪಿಲ್ಲ ಎಂದು ಹೇಗೆ ಹೇಳಲಿ? ಹಾಗಂದರೆ ಆ ಸಾಲು ತಣ್ಣಗಿರುವುದು ಹೇಗೆ ಎಂದು ಹೇಳಬೇಕಾಗುತ್ತದೆ. ಅದು ನನಗೆ ಗೊತ್ತಿಲ್ಲ.

ಮಾರ್ಚ್ 22, ಶನಿವಾರ

ಗೊತ್ತಾಯಿತು.

ಇವತ್ತು ಆಫೀಸಿನಲ್ಲಿ ಯಾರೂ ಇರಲಿಲ್ಲ. ನಾನೇ ಹಾಕಿದ ನಿಯಮ ನಾನೇ ಮುರಿದು ಮೂರನೇ ಸಾಲಿನ ಮೊದಲನೇ ಕುಂಡವನ್ನು ಎತ್ತಲು ಹೋದೆ. ಬರಲಿಲ್ಲ. ಜಲ್ಲಿಗೆ ಅಂಟಿಕೊಂಡಿದೆಯೇನೋ ಎಂದು ಮಂಡಿಯೂರಿ ಎರಡೂ ಕೈ ಹಾಕಿ ಎಳೆದೆ. ಕಟಕಟ ಎಂದು ಏನೋ ಹರಿದು ಕುಂಡ ಮೇಲೆ ಬಂತು. ತಳದ ತೂತುಗಳಿಂದ ಬೇರು ಹೊರಗೆ ಬಂದು ಜಲ್ಲಿಯೊಳಗೆ ಇಳಿದಿತ್ತು, ಕಿರುಬೆರಳು ಗಾತ್ರದ್ದು. ಎರಡನೇ ಕುಂಡವೂ ಹಾಗೇ. ಸಾಲಿನ ಕೊನೆಯವರೆಗೂ ಹಾಗೇ. ಉಗುರು ಒಡೆಯುವವರೆಗೆ ಜಲ್ಲಿ ತೋಡಿದೆ. ಅಡಿಯಲ್ಲಿ ಕೆಸರು. ಪ್ಯಾಡಿನಿಂದ ಇಳಿದ ನೀರನ್ನು ಟ್ಯಾಂಕಿಗೆ ಒಯ್ಯುವ ಪೈಪು ಮೂರನೇ ಸಾಲಿನ ಕೆಳಗೇ ಹಾದುಹೋಗಿದೆ, ಉದ್ದಕ್ಕೂ ಬಿರುಕು ಬಿಟ್ಟು ಜಿನುಗುತ್ತಿದೆ.

ಎರಡನೇ ಸಾಲಿನ ಕುಂಡ ಎತ್ತಿದೆ. ಅದರ ಬೇರೂ ಹೊರಗೆ ಬಂದಿತ್ತು, ಕೆಳಗೆ ಒಣ ಜಲ್ಲಿ ಸಿಕ್ಕಿ ಅಲ್ಲೇ ಸೊರಗಿತ್ತು. ತಳಿಯಲ್ಲಿ ಏನೂ ವಿಶೇಷವಿಲ್ಲ. ಪೈಪಿನ ಮೇಲೆ ಕೂತ ಗಿಡ ಕುಡಿಯಿತು, ಉಳಿದವು ಬಾಯಾರಿದವು.

ನೀರಿಲ್ಲದಾಗ ಗಿಡ ಬೇರನ್ನು ಕೆಳಕ್ಕೆ ಇಳಿಸುತ್ತದೆ. ಕಾಲೇಜು ಮಕ್ಕಳು ನೋಡಲು ಬಂದಾಗಲೆಲ್ಲ ಇದನ್ನು ಹೇಳುವವಳು ನಾನೇ. ಬೇರು ಹೀಗೆ ನೆಲ ಕಚ್ಚಬಾರದು ಅಂತಲೇ ನರ್ಸರಿಗಳಲ್ಲಿ ಕುಂಡಗಳನ್ನು ಆಗಾಗ ಎತ್ತಿ ಇಡುವುದು. ಅದನ್ನು ನಿಲ್ಲಿಸಿದವಳೂ ನಾನೇ. ಯಾರೂ ನೀರು ಕದಿಯಲಿಲ್ಲ. ಮಣ್ಣು ಪುಡಿಪುಡಿಯಾಗಿದ್ದುದನ್ನು ನನ್ನ ಬೆರಳೇ ಮುಟ್ಟಿ ನೋಡಿತ್ತು, ನಾನು ನಂಬಲಿಲ್ಲ.

ಮಲಕವ್ವನವರು ದಿನಾ ಒಂದು ಗುಟುಕು ಹಾಕಿದ್ದು ಇದಕ್ಕೆ ಯಾವ ಲೆಕ್ಕ? ಜಲ್ಲಿಯ ಮೇಲೆ ಕೂತೆ. ಅಳು ಬಂತು, ತಡೆಯಲಿಲ್ಲ.

ಮಾರ್ಚ್ 24, ಸೋಮವಾರ

ಸಿದ್ಧಾರ್ಥ್ ಸರ್‌ಗೆ ತೋರಿಸಿದೆ. ಬೇರು ನೋಡಿದರು, ಪೈಪು ನೋಡಿದರು, ಪ್ಯಾಂಟಿಗೆ ಕೆಸರಾಗುವುದನ್ನೂ ನೋಡದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಬೇರು ಕೆಳಗಿಳಿಸೋದೂ ಒಂದು ತಾಳಿಕೆನೇ ಅಲ್ವೇನ್ರೀ?" ಎಂದರು.

"ಪೈಪ್ ಒಡೆದ ಕಡೆ ಕೂರಿಸಿದ್ರೆ ನಾನೂ ತಾಳ್ತೀನಿ ಸರ್."

ನಗಲಿಲ್ಲ. ಆಮೇಲೆ ಮೆಲ್ಲಗೆ, "ಏಪ್ರಿಲ್ ಮೂರು ಒಂದು ಕಳೀಲಿ ಯಮುನಾ. ಆಮೇಲೆ ಹೊಸದಾಗಿ ಮಾಡೋಣ, ಬೆರೆಸಿ ಇಡೋಣ, ನೀವು ಹೇಳಿದ ಹಾಗೇ. ಈಗ ಬಾಯಿ ಬಿಟ್ರೆ ಸೆಂಟರ್ ಮುಚ್ಚಿ ಹೋಗುತ್ತೆ. ಎಲ್ಲರ ಮನೇನೂ ನೆನಪಿಟ್ಕೊಳ್ಳಿ" ಎಂದರು.

"ಮಲಕವ್ವನ ಮನೆ?"

"ಅವರಿಗೆ ಬೇರೆ ಕಡೆ ಸಿಗುತ್ತೆ ಕಣ್ರೀ. ಈ ಕಡೆ ಕೆಲಸಕ್ಕೇ ಜನ ಸಿಗ್ತಿಲ್ಲ."

"ಅವರಿಗೆ ಸಿಗ್ತಿಲ್ಲ ಸರ್. ನಾನು ತೆಗೆದ ಫೋಟೋ ಎಲ್ಲಾ ಗೇಟಲ್ಲೂ ಇದೆ."

ಕನ್ನಡಕ ತೆಗೆದು ಒರೆಸಿದರು. "ಹತ್ತು ದಿನ" ಎಂದರು. ಕೆಟ್ಟವರಲ್ಲ. ಈ ಸೆಂಟರ್ ಕಟ್ಟಿದವರು ಅವರೇ, ಮುಚ್ಚುವ ಭಯ ನನಗಿಂತ ಅವರಿಗೆ ಹೆಚ್ಚು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಎದ್ದು ಬಂದೆ.

ಮಾರ್ಚ್ 25, ಮಂಗಳವಾರ

ಯಾರ ಜೊತೆಗೂ ಮಾತಾಡಲಿಲ್ಲ. ಗನ್ ಹಿಡಿದು ಎಲೆಗಳ ಬಿಸಿ ನೋಡಿ ಬಂದೆ. ಯಾಕೆ ನೋಡಿದೆನೋ.

ಮಾರ್ಚ್ 26, ಬುಧವಾರ

ಸಂಜೆ ಅತ್ತೆ ಜಗಲಿಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದರು. ನಾನೂ ಹೋಗಿ ಪಕ್ಕದಲ್ಲಿ ಕೂತು ಒಂದು ಕಟ್ಟು ತೆಗೆದುಕೊಂಡೆ. ಅವರಿಗೆ ಆಶ್ಚರ್ಯ.

"ಏನವ್ವಾ, ಮೂರ್ ದಿನದಿಂದ ಇಂಗ್ ಮಕ ಗಂಟಾಕ್ಕಂಡಿದ್ದೀಯ?"

ಎಲ್ಲ ಹೇಳಿದೆ. ಪೈಪು, ಬೇರು, ಫೋಟೋ, ಹತ್ತು ದಿನ. ಅವರು ಸೊಪ್ಪು ಬಿಡಿಸುವುದು ನಿಲ್ಲಿಸಲಿಲ್ಲ.

"ಕೋತಿ ತಾನ್ ತಿಂದು ಮೇಕೆ ಬಾಯ್ಗೆ ಒರೆಸ್ತಂತೆ" ಎಂದರು.

"ನಾನು ಬೇಕಂತ ಮಾಡಿಲ್ಲ ಅತ್ತೆ."

"ಆವತ್ತು ಬೇಕಂತ ಮಾಡ್ಲಿಲ್ಲ ಸರಿ. ಇವತ್ತು ಬೇಕಂತ್ಲೇ ಸುಮ್ಕಿದ್ದೀಯಲ್ಲ, ಅದಕ್ಕೇನಂತಾರೆ?"

ಬೇರೆ ದಿನವಾಗಿದ್ದರೆ ನಾಲ್ಕು ಮಾತು ತಿರುಗಿ ಹೇಳುತ್ತಿದ್ದೆ. ಇವತ್ತು ಕಟ್ಟು ಮುಗಿಯುವವರೆಗೂ ಸೊಪ್ಪು ಬಿಡಿಸಿದೆ. ಸಾರಿಗೆ ಉಪ್ಪು ಹಾಕಿದೆಯಾ ಎಂದು ಎರಡು ಸಲ ರುಚಿ ನೋಡಿದೆ.

ಮಾರ್ಚ್ 27, ಗುರುವಾರ

ಬೆಳಿಗ್ಗೆ ಮುನಿಯಣ್ಣನನ್ನು ಪಾಲಿಹೌಸಿಗೆ ಕರೆದು ಬೇರು ತೋರಿಸಿದೆ. ಮಲಕವ್ವನದು ತಪ್ಪಿಲ್ಲ, ನನ್ನದೇ ತಪ್ಪು, ಇದನ್ನು ಬರೆದು ಗ್ರೂಪಿಗೆ ಹಾಕು ಎಂದೆ.

ಅವನು ತಲೆ ಕೆರೆದುಕೊಂಡ. "ಬರೆದ್ರೆ ಯಾರು ಓದ್ತಾರೆ ಮೇಡಂ? ಒಬ್ಬ ಒಡಿಶಾ, ಒಬ್ಬ ಅಸ್ಸಾಂ, ಒಬ್ಬ ನೇಪಾಳ. ಫೋಟೋ ಇದ್ರೇನೇ ನೋಡೋದು. ಮಲಕವ್ವಂದೇ ಫೋಟೋ ಆಕ್ಬುಟ್ಟು ಒಳ್ಳೇಳು ಅಂದ್ರೂ, ಇವಳೇ ಅಲ್ವಾ ಆ ಕಳ್ಳಿ ಅಂತಾರೆ. ಕಳ್ಳಿ ಇವಳಲ್ಲ ಅಂದ್ಮೇಲೆ ಇನ್ಯಾರು ಅಂತ ತೋರಿಸ್ಬೇಕು."

"ಹಾಗಾದ್ರೆ ನನ್ನದೇ ತೆಗಿ."

"ಬ್ಯಾಡ ಮೇಡಂ. ನೀವು ಓದ್ದೋರು. ಈ ಗ್ರೂಪ್ ಸರಿಯಿಲ್ಲ, ಎಲ್ಲೆಲ್ಲೋ ಓಯ್ತದೆ."

"ಎಲ್ಲೆಲ್ಲಿ ಹೋಗುತ್ತೆ ಅಂತ ಗೊತ್ತಾಗಿಯೇ ಹೇಳ್ತಿರೋದು ಮುನಿಯಣ್ಣ. ತೆಗಿ."

ಬೇರು ಜೋತಾಡುವ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತೆ. ಅವನು ತೆಗೆದ. ಆಮೇಲೆ ನೆರಳಲ್ಲಿ ಕೂತು ಫೋನಿನಲ್ಲಿ ಏನೇನೋ ಒತ್ತಿ ತೋರಿಸಿದ. ಎಡಗಡೆ ಮಲಕವ್ವ, ಅವರ ಮೇಲೆ ಹಸಿರು ಟಿಕ್ಕು. ಬಲಗಡೆ ನಾನು, ನನ್ನ ಮುಖದ ಮೇಲೆ ಕೆಂಪು ಅಡ್ಡಗೀಟು. ಅಡಿಯಲ್ಲಿ ಕನ್ನಡದಲ್ಲೂ ಹಿಂದಿಯಲ್ಲೂ, ಮಲಕವ್ವ ಕಳ್ಳಿಯಲ್ಲ, ತಪ್ಪು ಈ ಮೇಡಂದು.

"ಇಂಗಿದ್ರೆ ಓದಕ್ಕೆ ಬರ್ದಿರೋರ್ಗೂ ತಿಳೀತದೆ" ಎಂದ. ಕಳಿಸಲು ಬೆರಳು ಹೋಗಲಿಲ್ಲ ಅವನಿಗೆ. ಫೋನು ಇಸಕೊಂಡು ನಾನೇ ಒತ್ತಿದೆ.

ಬೇರೆಯವರಿಂದ ತಿಳಿಯುವ ಮೊದಲು ಸಿದ್ಧಾರ್ಥ್ ಸರ್‌ಗೆ ನಾನೇ ಹೇಳಿದೆ. ಅವರು ಕಿಟಕಿ ಕಡೆ ತಿರುಗಿದರು. "ಮುಗಿಸಿಬಿಟ್ರಿ" ಎಂದರು. ಹೌದು ಸರ್ ಎಂದೆ. ಅಲ್ಲಿಂದ ನೇರ ಪಾಲಿಹೌಸಿಗೆ ಹೋಗಿ ವಾಲ್ವ್ ತೆಗೆದೆ. ಟ್ರಯಲ್ಲೇ ಸತ್ತ ಮೇಲೆ ಗಿಡಗಳು ಯಾಕೆ ಸಾಯಬೇಕು? ಕುಂಡ ಕುಂಡಕ್ಕೂ ನಿಧಾನವಾಗಿ, ತಳದಿಂದ ಸೋರುವವರೆಗೆ ನೀರು ಹಾಕಿದೆ.

ಮಾರ್ಚ್ 28, ಶುಕ್ರವಾರ

ನಮ್ಮ ಗೇಟಿನಲ್ಲಿ ಹೊಸ ಸೆಕ್ಯುರಿಟಿ. ಫೋನ್ ನೋಡಿದ, ನನ್ನ ಮುಖ ನೋಡಿದ, ಮತ್ತೆ ಫೋನ್ ನೋಡಿದ. "ಮೇಡಂ, ಯೇ ಆಪ್ ಹೈ ಕ್ಯಾ?"

"ಹೌದು, ನಾನೇ" ಎಂದೆ.

ಬಿಡಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಯಾರಿಗೋ ಫೋನ್ ಮಾಡುತ್ತೇನೆ, ಬದಿಗೆ ನಿಲ್ಲಿ ಎಂದ. ನಿಂತೆ. ದಿನಾ ನನ್ನ ಜೊತೆ ಊಟ ಮಾಡುವವರು ಕಾರ್ಡ್ ತೋರಿಸಿ ಒಳಗೆ ಹೋದರು, ಕೆಲವರು ಫೋನಿನಲ್ಲಿ ಮಾತಾಡುವವರ ಹಾಗೆ ನಟಿಸಿದರು. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಮಲಕವ್ವ ಹೀಗೆ ಎಷ್ಟು ಗೇಟುಗಳಲ್ಲಿ ನಿಂತಿದ್ದರೋ ಎಂದು ಯೋಚನೆಯಾಯಿತು.

ಒಳಗೆ ಹೋದ ಮೇಲೆ ಸಿದ್ಧಾರ್ಥ್ ಸರ್, "ಸ್ವಲ್ಪ ದಿನ ಮನೇಲಿರಿ ಯಮುನಾ. ಕಂಪನಿಯವರಿಗೆ ಬರಬೇಡಿ ಅಂತ ಹೇಳಿದ್ದೀನಿ. ಮುಂದಿನದು ಗೊತ್ತಿಲ್ಲ" ಎಂದರು. ಹೊರಡುವ ಮೊದಲು ಗಿಡಗಳನ್ನು ನೋಡಿ ಬಂದೆ. ನಾಲ್ಕನೇ ಸಾಲಿನಲ್ಲಿ ಎಲೆಗಳು ಎದ್ದಿವೆ. ಐದರಲ್ಲಿ ಕೆಲವು ಏಳಲಿಲ್ಲ, ಏಳುವುದೂ ಇಲ್ಲ.

ಏಪ್ರಿಲ್ 2, ಬುಧವಾರ

ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಅಕ್ಕಾರ, ನಾ ಮಲಕವ್ವ ಮಾತಾಡೂದು."

ಚಂದಾಪುರದ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಗಿಡ ನೋಡಿಕೊಳ್ಳುವ ಕೆಲಸ ಸಿಕ್ಕಿತಂತೆ. ಅಲ್ಲಿನ ಸೂಪರ್‌ವೈಸರ್ ಹಸಿರು ಟಿಕ್ಕು ನೋಡಿ ನಕ್ಕು ಒಳಗೆ ಬಿಟ್ಟನಂತೆ. ಹಿಂದೆ ಪೈಪಿನಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು. ಅಷ್ಟು ದಿನದಿಂದ ಗಂಟಲಲ್ಲಿ ಇದ್ದದ್ದನ್ನು ಹೇಳಲು ಹೋದೆ. "ಮಲಕವ್ವ, ನನ್ನಿಂದ ನಿಮಗೆ..."

"ಅದು ಬ್ಯಾಡ್ರಿ. ಸಿಟ್ಟ ಇನ್ನ ಇಳದಿಲ್ರಿ ನಂದು. ಮತ್ತ ಮತ್ತ ಅಂದ್ರ ಇನ್ನಷ್ಟ ಏರತೈತಿ."

ಫೋನ್ ಇಡುತ್ತಾರೆ ಎಂದುಕೊಂಡೆ, ಇಡಲಿಲ್ಲ.

"ನಿಮ್ದ ಫೋಟೋ ಎಲ್ಲಾ ಗೇಟಿನ್ಯಾಗ ಐತ್ರಿ ಈಗ. ಮಾರಿ ಮ್ಯಾಲ ಕೆಂಪ ಗೀಟ ಎಳದಾರ."

"ಗೊತ್ತು."

"ಕೆಲಸ ಹೋತೇನ್ರಿ?"

"ಮನೇಲಿರಿ ಅಂದಿದ್ದಾರೆ. ಹೋದ ಹಾಗೇ."

ನೀರಿನ ಸದ್ದು ನಿಂತಿತು. ಪೈಪು ಮಡಚಿ ಹಿಡಿದರೋ ಏನೋ.

"ಇಲ್ಲೆ ಗಿಡಕ್ಕ ಇನ್ನೊಬ್ರು ಬೇಕಂತ ಅನ್ನಾಕತ್ಯಾರ. ನಿಮ್ಮ ಹೆಸರ ಹೇಳ್ಲೇನು?"

ಅಣಕಿಸುತ್ತಿದ್ದಾರೆ ಎಂದುಕೊಂಡು ನಕ್ಕೆ. ಆ ಕಡೆಯಿಂದ ನಗು ಬರಲಿಲ್ಲ.

"ನಗೂದೇನೈತ್ರಿ ಇದರಾಗ? ಸಿಟ್ಟ ಬ್ಯಾರೆ, ಕೂಳ ಬ್ಯಾರೆ. ಹೇಳ್ಲೋ ಬ್ಯಾಡೋ?"

"ಹೇಳಿ ಮಲಕವ್ವ" ಎಂದೆ. "ಆ ಫೋಟೋದಲ್ಲಿರೋದು ನಾನೇ ಅಂತ ಮಾತ್ರ ಮೊದಲೇ ಹೇಳಿಬಿಡಿ."